ಸುದ್ದಿ ತಾಯಣ್ಣನ ಎದೆಬಡಿತ

ತಾಯಣ್ಣ ದಾರಿಯಲ್ಲಿ ಬರುವುದು ಕಂಡರೆ ಸಾಕು, ಜನ ತಮ್ಮ ತಮ್ಮ ಮನೆಯವರನ್ನು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದರು. ಮಗಳನ್ನು ದೇವದುರ್ಗಕ್ಕೆ ಕೊಟ್ಟವರು, ತಂಗಿಯನ್ನು ಮಾನ್ವಿಗೆ ಕೊಟ್ಟವರು, ಕಾಯಿಲೆ ಬಿದ್ದ ಅಪ್ಪನನ್ನು ಅಣ್ಣನ ಮನೆಯಲ್ಲಿ ಬಿಟ್ಟು ಬಂದವರು, ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಅವನ ಬಾಯನ್ನೇ ನೋಡುತ್ತಿದ್ದರು. ಅವನು ಸಂತೆಗೆ ಹೊರಟಿದ್ದರೂ ಅಷ್ಟೇ.

"ಯಾರು ಹ್ವಾದ್ರಲೇ?" ಎಂದು ದೂರದಿಂದಲೇ ಕೂಗುವರು.

"ಯಾರೂ ಇಲ್ರಿ ಯಪ್ಪಾ, ಮೆಣಸಿನಕಾಯಿ ತರಾಕ ಹೊಂಟೀನಿ."

ಅವರಿಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚು ಬರುವುದು. "ಹಂಗಾದ್ರ ಆ ಸುಡುಗಾಡು ಮಾರಿ ತಗೊಂಡು ಈ ದಾರಿ ಯಾಕ ಹಿಡದಿ? ಹೊಲದಾಗಿಂದ ಹೋಗ್ಲಿಕ್ಕ ಏನಾಗಿತ್ತು?"

ಅವನ ಊರು ದೇವದುರ್ಗದಿಂದ ಮೂರು ಹರದಾರಿ. ಊರ ಹೊರಗಿನ ಕೇರಿಯಲ್ಲಿ ಒಂದೊಂದು ಮನೆಗೆ ಒಂದೊಂದು ಬಿಟ್ಟಿ ಚಾಕರಿ ಹಂಚಿಹೋಗಿತ್ತು. ಒಂದು ಮನೆಯವರು ಸತ್ತ ದನ ಎಳೆಯಬೇಕು, ಒಂದು ಮನೆಯವರು ಗೌಡರ ಒಲೆಗೆ ಕಟ್ಟಿಗೆ ಹಾಕಬೇಕು, ಒಂದು ಮನೆಯವರು ಕುಣಿ ತೋಡಬೇಕು. ತಾಯಣ್ಣನ ಮನೆಗೆ ಬಂದದ್ದು ಸಾವಿನ ಸುದ್ದಿ. ಊರೊಳಗೆ ಯಾರ ಉಸಿರು ನಿಂತರೂ ಅವರ ನಂಟರು ಎಲ್ಲೆಲ್ಲಿದ್ದಾರೋ ಅಲ್ಲಿಗೆಲ್ಲ ಓಡಿ ಮುಟ್ಟಿಸಬೇಕು. ಹೆಣ ಮಣ್ಣಾಗುವುದರೊಳಗೆ ಅವರು ಬಂದು ಮುಖ ನೋಡಬೇಕಲ್ಲ. ಅದಕ್ಕೆ ಕೂಲಿ ಎನ್ನುವುದು ಇರಲಿಲ್ಲ. ಸುದ್ದಿ ಕೇಳಿದವರು ಅತ್ತು ಮುಗಿಸಿದ ಮೇಲೆ ನೆನಪಾದರೆ ಒಂದು ರೊಟ್ಟಿ ದೂರದಿಂದ ಎಸೆಯುವರು.

ಅಪ್ಪ ವೆಂಕೋಬ ಇದೇ ಕೆಲಸದಲ್ಲಿ ಮೂವತ್ತನಾಲ್ಕನೆಯ ವಯಸ್ಸಿಗೇ ಹೋದ. ರಾಯಚೂರಿಗೆ ಒಂದು ಸುದ್ದಿ ಒಯ್ಯುವಾಗ ದಾರಿಯಲ್ಲಿ ಬನ್ನಿಗಿಡದ ಬುಡಕ್ಕೆ ಒರಗಿದವನು ಏಳಲೇ ಇಲ್ಲ. ರಾಯಚೂರಿನವರಿಗೆ ಸುದ್ದಿ ಎರಡು ದಿನ ತಡವಾಗಿ ಸಿಕ್ಕಿತು, ಅವರು ಬಂದಾಗ ಕುಣಿಯ ಮಣ್ಣು ಕೂಡ ಒಣಗಿತ್ತು. ವೆಂಕೋಬನ ಹೆಂಡತಿ ಯಮನಮ್ಮ ಗಂಡನಿಗಾಗಿ ಅಳುತ್ತಾ ಕೂತಿದ್ದಾಗ ಅವರು ಕೇರಿಯ ತುದಿಗೆ ಬಂದು ನಿಂತು, ನಿನ್ನ ಗಂಡನಿಂದಾಗಿ ನಮ್ಮಪ್ಪನ ಮುಖ ತಪ್ಪಿತು ಎಂದು ಅರ್ಧ ತಾಸು ಬೈದು ಹೋದರು. ಹತ್ತನೆಯ ದಿನ ತಳವಾರ ಬೂದೆಪ್ಪ ಬಂದು ಕೋಲಿನಿಂದ ಬಾಗಿಲು ಕುಟ್ಟಿದ.

"ಯಮನಮ್ಮಾ, ಪಾಳಿ ಬಂದದ. ಹುಡುಗನ್ನ ಕಳ್ಸು."

"ಎಂಟು ವರ್ಷದ ಕೂಸದ ಯಪ್ಪಾ ಅದು."

"ಕಾಲು ಎರಡಾದವಿಲ್ಲೋ? ಸಾಕು."

ಆ ಮೊದಲ ಸುದ್ದಿ ಮಾನ್ವಿಗೆ, ಒಂಬತ್ತು ಹರದಾರಿ. ಹೊರಡುವ ಮುಂಚೆ ಬೂದೆಪ್ಪ ಕಟ್ಟಳೆ ಹೇಳಿಕೊಟ್ಟ. ಸುದ್ದಿ ಮುಟ್ಟುವ ತನಕ ಕೂಡುವಂತಿಲ್ಲ, ನೀರು ಕುಡಿಯುವಂತಿಲ್ಲ, ದಾರಿಯಲ್ಲಿ ಯಾರ ಜೊತೆಗೂ ಮಾತಾಡುವಂತಿಲ್ಲ. ಅಂಗಳದ ಆಚೆಯೇ ನಿಂತು ಸತ್ತವರ ಹೆಸರು ಗಟ್ಟಿಯಾಗಿ ಕೂಗಬೇಕು. ಹುಡುಗ ಹಾಗೇ ಮಾಡಿದ. ಪಾತ್ರೆ ತಿಕ್ಕುತ್ತಿದ್ದ ಹೆಂಗಸು ಅಣ್ಣನ ಹೆಸರು ಕೇಳಿದ್ದೇ ಕೈಯಲ್ಲಿದ್ದ ತಂಬಿಗೆಯನ್ನು ಅವನ ಮುಖಕ್ಕೆ ಬೀಸಿದಳು. ಹುಬ್ಬು ಒಡೆಯಿತು. ಒಳಗಿನಿಂದ ಅವಳ ಗಂಡ ಬಂದು ಹುಡುಗನನ್ನು ಮೇಲಿಂದ ಕೆಳಗೆ ನೋಡಿದ.

"ಇವಗ ಉಸಿರೇ ಹತ್ತಿಲ್ಲಲ್ಲ! ಎಲ್ಲಿ ಗೋಲಿ ಆಡ್ಕೋತ ಬಂದ್ಯಲೇ? ನಮ್ಮ ಮನಿ ಸಾವು ನಿನಗ ಆಟ ಆತೇನು?"

ಬಾವಿಯ ಹಸಿ ಹಗ್ಗದಿಂದ ಬಿದ್ದ ಏಟಿನ ಬಾಸುಂಡೆಗಳು ಬೆನ್ನಿನ ಮೇಲೆ ಹದಿನೈದು ದಿನ ಇದ್ದವು. ಊರಿಗೆ ಬಂದ ಮೇಲೆ ಕೇರಿಯ ಮುದುಕನೊಬ್ಬ ಬೆನ್ನಿಗೆ ಎಣ್ಣೆ ಹಚ್ಚುತ್ತಾ ಕಲಿಸಿದ. "ದಾರ್ಯಾಗ ಹ್ಯಾಂಗಾರ ಹೋಗು ಮಗಾ. ಊರಗಸಿ ಬಾಗ್ಲ ಬಂತೋ, ಅಲ್ಲಿಂದ ಸತ್ತು ಹೋಗೋಹಂಗ ಓಡು. ಏದುಸಿರು ಬಿಡ್ಕೋತ ನಿಂತವನ್ನ ಯಾರೂ ಹೊಡ್ಯಂಗಿಲ್ಲ. ಉಸಿರು ತಣ್ಣಗಿದ್ದವನ ಮಾತು ಯಾರೂ ನಂಬಂಗಿಲ್ಲ."

ಅಂದಿನಿಂದ ಹದಿನಾಲ್ಕು ವರ್ಷ ತಾಯಣ್ಣ ಏದುಸಿರು ಬಿಡುತ್ತಲೇ ಬೆಳೆದ. ಎಷ್ಟು ಮನೆಗಳ ಮುಂದೆ ನಿಂತನೋ, ಎಷ್ಟು ಹೆಂಗಸರು ಅವನ ಮೇಲೆ ಮಣ್ಣು ತೂರಿದರೋ ಲೆಕ್ಕವಿಲ್ಲ. ಬಾಣಂತಿ ಸತ್ತ ಸುದ್ದಿ ತಂದಾಗ ಅವಳ ತವರಿನವರು ಇವನನ್ನೇ ಗಿಡಕ್ಕೆ ಕಟ್ಟಿ ಹಾಕಿ, ಹೆಣ ನೋಡಿ ಬಂದ ಮೇಲೆ ಬಿಚ್ಚಿದರು. ಸುದ್ದಿ ಸುಳ್ಳಾಗಿರಲಿ ಎಂಬ ಆಸೆಗೆ ಹಾಗೆ ಮಾಡಿದರಂತೆ.

ಇಪ್ಪತ್ತೆರಡಕ್ಕೆ ಅವನ ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿತ್ತು. ಮೂರು ತುತ್ತು ಇಳಿದರೆ ಹೊಟ್ಟೆ ಉರಿಯುತ್ತಿತ್ತು. ಕಟ್ಟಿಗೆ ಮುರಿದ ಸಪ್ಪಳಕ್ಕೆ, ಕತ್ತೆ ಕಾಲು ಕೆದರಿದ್ದಕ್ಕೆ, ಬೂದೆಪ್ಪನ ಕೋಲೇ ಬಂತೆಂದು ಎದ್ದು ನಿಲ್ಲುವನು. ಎದ್ದ ಮೇಲೆ ಎದೆ ಒಳಗಿನಿಂದ ಗುದ್ದುತ್ತಲೇ ಇರುವುದು.

ಹೆಂಡತಿ ಮಾನಮ್ಮ ಇದಕ್ಕೆಲ್ಲ ನಗುವವಳು. ಹತ್ತೊಂಬತ್ತು ವರ್ಷದ ಗಟ್ಟಿಮುಟ್ಟಾದ ಹೆಣ್ಣು. ಎರಡು ಕೊಡ ತಲೆಯ ಮೇಲೆ, ಒಂದು ಸೊಂಟದ ಮೇಲೆ ಇಟ್ಟುಕೊಂಡು ಹಾಡು ಹೇಳುತ್ತಾ ಬರುವವಳು.

"ನಮ್ಮವ್ವ ವರ ನೋಡಿ ಬರ್ತೀನಿ ಅಂತ ಹ್ವಾದಾಕಿ ಮುದುಕನ್ನ ನೋಡಿ ಬಂದಾಳ. ಏ ಮುತ್ಯಾ, ಉಣ್ಣಾಕ ಏಳು!" ಎಂದು ಕರೆಯುವಳು. ತಾಯಣ್ಣನಿಗೂ ನಗು ಬರುವುದು. ಇಡೀ ದಿನದಲ್ಲಿ ಅವನಿಗೆ ನಗು ಬರುತ್ತಿದ್ದದ್ದು ಆ ಒಂದು ಹೊತ್ತು.

ದೊಡ್ಡ ಯುದ್ಧ ಮುಗಿದ ಮರುವರ್ಷ ದೇವದುರ್ಗದ ಸಂತೆಯಲ್ಲಿ ಒಂದು ಮಾತು ಹಬ್ಬಿತು. ರಾಯಚೂರಿನಲ್ಲಿ ರೈಲ್ವೆ ಗ್ಯಾಂಗಿಗೆ ಆಳು ತಗೊಳ್ಳುತ್ತಾರಂತೆ. ಓದು ಬರಹ ಬೇಡ, ಜಾತಿ ಕೇಳುವುದಿಲ್ಲ, ಇರಲು ಖೋಲಿ ಕೊಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಮಾತು, ರೈಲ್ವೆಯ ಹಿತ್ತಾಳೆ ಬಿಲ್ಲೆ ತೋಳಿಗೆ ಕಟ್ಟಿದವನನ್ನು ಯಾವ ಗೌಡನೂ ಬಿಟ್ಟಿಗೆ ಕರೆಯುವಂತಿಲ್ಲ. ಡಾಕ್ಟರು ಮೈ ನೋಡಿ ಗಟ್ಟಿ ಇದ್ದಾನೆ ಅಂದರೆ ಮುಗಿಯಿತು.

ತಾಯಣ್ಣ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಮನೆ ತನಕ ಓಡಿ ಬಂದ. ಅವನು ಬದುಕಿನಲ್ಲಿ ಮೊದಲ ಸಲ ಒಳ್ಳೆಯ ಸುದ್ದಿ ತಂದಿದ್ದ.

"ಖೋಲಿಗೆ ಬಾಗ್ಲ ಇರ್ತಾವೇನು?" ಎಂದಳು ಮಾನಮ್ಮ.

"ಕಬ್ಬಿಣದ್ದು ಇರ್ತಾವಂತ."

"ಹಂಗಾದ್ರ ಬೂದೆಪ್ಪ ಬಂದು ಕುಟ್ಟಿದ್ರ ಅವನ ಕೋಲೇ ಮುರೀಬೇಕು!" ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಡಾಕ್ಟರ್ ಮುಂದ ಸಣ್ಣ ಹುಡುಗನಂಗ ನಡುಗಬ್ಯಾಡ. ದುಡಿಯೋ ಮನಶ್ಯಾ ಅಂತ ಕಾಣಬೇಕು ನೋಡು" ಎಂದಳು.

ಹೊಟ್ಟೆನೋವಿಗೆ ದವಾಖಾನೆಗೆ ಹೋಗುತ್ತಾನೆ ಎಂದು ಯಮನಮ್ಮ ಬೂದೆಪ್ಪನ ಕಾಲು ಹಿಡಿದು ನಾಲ್ಕು ದಿನದ ಬಿಡುವು ಕೇಳಿಕೊಂಡಳು. ತಾಯಣ್ಣ ಹೊರಟ.

ರಾಯಚೂರಿನಲ್ಲಿ ಸ್ಟೇಷನ್ನಿನ ಹಿಂದೆ ಹಂಚಿನ ದವಾಖಾನೆ. ಮುಂದೆ ಒಂದು ಬೇವಿನ ಮರ, ಅದರ ಕೆಳಗೆ ಹನ್ನೊಂದು ಜನ. ಕಂಪೌಂಡರ್ ಅಲ್ಲಾಉದ್ದೀನ್ ಪಾನ್ ಜಗಿಯುತ್ತಾ ಹೊರಗೆ ಬಂದು ಎಲ್ಲರ ಹೆಸರು ಬರೆದುಕೊಂಡ.

"ಅರೇ ಭಾಯಿ, ಆರಾಮ ಕೂಡ್ರಿ. ಸಾಹೇಬ್ರು ಒಬ್ಬೊಬ್ಬರನ್ನ ಕರೀತಾರ. ಗಡಬಡಿ ಬ್ಯಾಡ."

ಹತ್ತು ಜನ ಕೂತರು. ಒಬ್ಬ ಬೀಡಿ ಹಚ್ಚಿದ, ಒಬ್ಬ ಕಾಲು ಚಾಚಿ ಒರಗಿಯೇ ಬಿಟ್ಟ. ತಾಯಣ್ಣ ಅವರನ್ನು ನೋಡಿ ಒಳಗೊಳಗೇ ಮರುಗಿದ. ಇವರಿಗೆ ಏನೂ ಗೊತ್ತಿಲ್ಲ ಪಾಪ. ದೊಡ್ಡವರ ಮುಂದೆ ಹೀಗೆ ತಣ್ಣಗೆ ಹೋಗಿ ನಿಂತರೆ ಮೈಗಳ್ಳರು ಎನ್ನುವುದಿಲ್ಲವೇ? ತನ್ನ ಹೆಸರಿಗೆ ಇನ್ನೂ ಮೂರು ಹೆಸರು ಮುಂದಿವೆ ಎನ್ನುವಾಗ ಮೆಲ್ಲನೆ ಸರಿದು ಗೂಡ್ಸ್ ಶೆಡ್ಡಿನ ಹಿಂದಕ್ಕೆ ಹೋದ. ಧೋತರ ಮೇಲೆ ಕಟ್ಟಿದ. ಊರಗಸಿ ಕಂಡಾಗ ಓಡುವ ಹಾಗೆ ಓಡಿದ. ಶೆಡ್ಡಿನ ಸುತ್ತ ಒಂದು, ಎರಡು, ಮೂರು ಸುತ್ತು. "ತಾಯಣ್ಣ ವೆಂಕೋಬ!" ಎಂಬ ಕೂಗು ಕೇಳಿದಾಗ ಅಲ್ಲಿಂದಲೇ ನೇರ ಒಳಗೆ ನುಗ್ಗಿ, ಡಾಕ್ಟರ ಮೇಜಿನ ಮುಂದೆ ಬೆವರು ಸುರಿಸುತ್ತಾ, ಬಾಯಿ ತೆರೆದು ಉಸಿರು ಬಿಡುತ್ತಾ ಹೆಮ್ಮೆಯಿಂದ ನಿಂತ.

ಡಾಕ್ಟರು ರಬ್ಬರ್ ನಳಿಗೆಯನ್ನು ಕಿವಿಗೆ ಹಾಕಿಕೊಂಡು ಅವನ ಎದೆಗೆ ಹಚ್ಚಿದವರು ಹಿಂದಕ್ಕೆ ಸರಿದರು.

"ಏನಿದು? ಓಡಿ ಬಂದ್ಯೇನು?"

"ಹೌದ್ರಿ ಯಪ್ಪಾ! ಮೂರು ಸುತ್ತು ಓಡೀನ್ರಿ. ಇನ್ನ ಮೂರು ಓಡು ಅಂದ್ರ ಓಡ್ತೀನ್ರಿ!"

ಅಲ್ಲಾಉದ್ದೀನ್ ಪಾನ್ ಉಗುಳಲು ಕಿಟಕಿಗೆ ಹೋದವನು ಅಲ್ಲೇ ನಕ್ಕು ಕೆಮ್ಮಿದ. ಡಾಕ್ಟರಿಗೂ ನಗು ಬಂತು. "ದಿವಾನಾ ಇದ್ದೀ ನೀನು. ಗಟ್ಟಿ ಮನಶ್ಯಾನ ಎದಿ ಸಾವಕಾಶ ಬಡೀಬೇಕು. ಹೋಗು, ವರಾಂಡದಾಗ ಒಂದು ತಾಸು ಮಲಕ್ಕೋ. ಆಮ್ಯಾಲೆ ನೋಡ್ತೀನಿ."

ತಾಯಣ್ಣ ಮುಖದ ಬೆವರನ್ನು ಗಡಬಡಿಸಿ ಒರೆಸಿಕೊಂಡ. ಹದಿನಾಲ್ಕು ವರ್ಷ ಯಾವುದು ತನ್ನನ್ನು ಏಟಿನಿಂದ ಉಳಿಸಿತ್ತೋ ಅದೇ ಇಲ್ಲಿ ತಪ್ಪು. ಹೊರಗೆ ಬಂದು ಕಲ್ಲಿನ ನೆಲದ ಮೇಲೆ ಅಂಗಾತ ಮಲಗಿದ. ಸಾವಕಾಶ ಬಡಿ, ಸಾವಕಾಶ ಬಡಿ ಎಂದು ಎದೆಗೆ ಕೈಮುಗಿದು ಹೇಳಿದ. ಬೂಟಿನ ಸಪ್ಪಳ ಬಂತು, ಎದ್ದು ಕೂತ. ಯಾರೋ ಬಾಗಿಲು ಎಳೆದರು, ಎದ್ದು ನಿಂತ. ಕೆಲಸ ಮುಗಿಯದೆ ಮಲಗಿದ್ದೇನೆ, ಯಾರಾದರೂ ಕಂಡರೆ ಕೊಲ್ಲುತ್ತಾರೆ ಎನ್ನುವ ಭಯ ಮಲಗಿದಷ್ಟೂ ಏರಿತು. ಒಂದು ತಾಸಾದ ಮೇಲೆ ಡಾಕ್ಟರು ಮತ್ತೆ ನಳಿಗೆ ಹಚ್ಚಿದರು. ಗಡಿಯಾರ ನೋಡಿದರು. ಬೆರಳಿನಿಂದ ಅವನ ಬೆನ್ನಿನ ಮೇಲೆ ಟಕ್ ಟಕ್ ಎಂದು ಕುಟ್ಟಿದರು. ಆ ಕುಟ್ಟಿಗೆ ತಾಯಣ್ಣ ಸ್ಟೂಲಿನಿಂದ ಹಾರಿ ನಿಂತ.

"ನಿಮಿಷಕ್ಕ ನೂರಾ ಇಪ್ಪತ್ತೆಂಟು" ಎಂದರು ಡಾಕ್ಟರು. "ನಾಳೆ ಮುಂಜಾನಿ ಬಾ."

ಮರುದಿನ ಬೆಳಿಗ್ಗೆ ನೂರಾ ಇಪ್ಪತ್ತು. ಹಾಲು ಕುಡಿಸಿ ನೋಡಿದರು, ನೂರಾ ಇಪ್ಪತ್ತನಾಲ್ಕು. ಡಾಕ್ಟರಿಗೆ ಈಗ ಅವನು ಆಳಾಗಿ ಉಳಿದಿರಲಿಲ್ಲ, ಒಂದು ವಿಚಿತ್ರವಾಗಿದ್ದ. ಗುಂತಕಲ್ಲಿನಿಂದ ಬಂದಿದ್ದ ಗೆಳೆಯ ಡಾಕ್ಟರನ್ನು ಕರೆತಂದು ತೋರಿಸಿದರು. ಇಬ್ಬರೂ ಸೇರಿ ಅವನನ್ನು ಅಂಗಳದಲ್ಲಿ ಓಡಿಸಿದರು, ಕೂಡಿಸಿದರು, ಮತ್ತೆ ಓಡಿಸಿದರು. ತಾಯಣ್ಣನಿಗೆ ಹೋದ ಜೀವ ಬಂತು. ಇನ್ನೊಂದು ಅವಕಾಶ ಕೊಟ್ಟಿದ್ದಾರೆ! ಬಿಸಿಲಲ್ಲಿ ಏಳು ಸಲ ಓಡಿದ, ಒಂದು ಸಲಕ್ಕಿಂತ ಒಂದು ಸಲ ಜೋರಾಗಿ. ಬೇವಿನ ಮರದ ಕೆಳಗಿನವರು ಚಪ್ಪಾಳೆ ಹೊಡೆದರು.

"ನಿನ್ನ ವಯಸ್ಸೆಷ್ಟು?"

"ಇಪ್ಪತ್ತೆರಡಂತ ನಮ್ಮವ್ವ ಅಂತಾಳ್ರಿ."

"ಎದಿಗೆ ಐವತ್ತಾಗ್ಯದ" ಎಂದರು ಡಾಕ್ಟರು, ಕೈ ತೊಳೆಯುತ್ತಾ. "ನೀ ಕುಂತಿದ್ರೂ ಅದು ಓಡಾಕತ್ತದ. ಏನು ಕೆಲಸ ಮಾಡ್ತಿದ್ದಿ?"

ತಾಯಣ್ಣ ಹೇಳಿದ. ಎಂಟನೆಯ ವರ್ಷದಿಂದ ಹಿಡಿದು ಎಲ್ಲವನ್ನೂ ಹೇಳಿದ. ಯಾರೂ ಅವನನ್ನು ಅದುವರೆಗೆ ಕೇಳಿರಲಿಲ್ಲ. ಗೆಳೆಯ ಡಾಕ್ಟರು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡರು. ಎಲ್ಲ ಹೇಳಿ ಮುಗಿದ ಮೇಲೆ ಡಾಕ್ಟರು ಅವನ ಹೆಸರಿನ ಮುಂದೆ ಕೆಂಪು ಗೀಟು ಎಳೆದರು.

ತಾಯಣ್ಣ ಅವರ ಬೂಟಿನ ಮೇಲೆ ಬಿದ್ದ. ಎಬ್ಬಿಸಲು ಬಂದ ಅಲ್ಲಾಉದ್ದೀನ್‌ಗೆ ಅವನ ಭುಜ ಹಿಡಿದಾಗ ಒಂದು ಉಪಾಯ ಹೊಳೆಯಿತು. "ಸಾಹೇಬ್, ರೈಲ್ವೆಗೆ ಆಗಲ್ಲ ಅಂದ್ರ ಹೋಗ್ಲಿ. ಇಂವಗ ಓಡೋದೇ ಬ್ಯಾಡ ಅಂತ ಒಂದು ಚೀಟಿ ಬರದು ಕೊಡ್ರಿ. ಇವರ ಗೌಡಗ ತೋರಸ್ಲಿ."

ಡಾಕ್ಟರು ಕ್ಷಣ ಯೋಚಿಸಿ, ಒಳ್ಳೆಯ ಕಾಗದ ತೆಗೆದು, ಇವನು ಇನ್ನು ಓಡಬಾರದು, ಓಡಿದರೆ ಜೀವಕ್ಕೆ ಅಪಾಯ ಎಂದು ಬರೆದು ಮೊಹರು ಹಾಕಿದರು. ಅಲ್ಲಾಉದ್ದೀನ್ ಅದನ್ನು ಅವನಿಗೆ ಎರಡು ಸಲ ಓದಿ ಹೇಳಿ, ಬಾಯಿಪಾಠ ಮಾಡಿಸಿ, ಅವನ ರುಮಾಲಿನ ಮಡಿಕೆಯಲ್ಲಿ ಇಟ್ಟ. ಕೆಂಪು ಗೀಟನ್ನು ತಾಯಣ್ಣ ಆಗಲೇ ಮರೆತ. ಬೇಕಾದದ್ದು ಓಟದಿಂದ ಬಿಡುಗಡೆ. ಅದು ತಲೆಯ ಮೇಲೆ ಇತ್ತು. ಹನ್ನೆರಡು ಹರದಾರಿಯನ್ನು ಅವನು ನಡೆದುಕೊಂಡೇ ಹೋದ. ಊರಗಸಿ ಬಂದಾಗಲೂ ಓಡಲಿಲ್ಲ.

ಹನುಮಂತ್ರಾಯಗೌಡರು ಚಾವಡಿಯ ಕಟ್ಟೆಯ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದರು. ತಾಯಣ್ಣ ತಂದ ಚೀಟಿಯನ್ನು ಬೂದೆಪ್ಪ ಅವರ ಕೈಗೆ ಕೊಟ್ಟ. ಅವರು ತಲೆಕೆಳಗಾಗಿ ಹಿಡಿದು ನೋಡಿದರು.

"ಏನಂತಲೇ ಇದು?"

ತಾಯಣ್ಣ ಬಾಯಿಪಾಠ ಒಪ್ಪಿಸಿದ. ಬೈಗುಳಕ್ಕೆ ಬೆನ್ನು ಬಗ್ಗಿಸಿ ಕಾದ. ಬೈಗುಳ ಬರಲಿಲ್ಲ.

"ಅಯ್ಯೋ ಪಾಪ" ಎಂದರು ಗೌಡರು. "ಅಷ್ಟು ದೊಡ್ಡ ಡಾಕ್ಟರ್ ಬರದು ಮೊಹರು ಒತ್ತ್ಯಾನ. ಅವನ ಮಾತು ಮೀರಾಕ ನಾ ಯಾರಪಾ? ನಾಳಿ ನೀ ದಾರ್ಯಾಗ ಬಿದ್ದು ಸತ್ರ ಆ ಪಾಪ ನನಗ ಬ್ಯಾಡ. ಇವತ್ತಿಂದ ನೀ ಓಡಬ್ಯಾಡ ಹೋಗು."

ತಾಯಣ್ಣನಿಗೆ ಅಳು ಬಂತು. ನೆಲಕ್ಕೆ ಹಣೆ ಹಚ್ಚಿದ. ಅವನು ತಲೆ ಎತ್ತುವುದರೊಳಗೆ ಗೌಡರು ಅಡಕೆ ಬಾಯಿಗೆ ಹಾಕಿಕೊಂಡಿದ್ದರು.

"ಆದ್ರ ಪಾಳಿ ನಿಂದಲ್ಲಪಾ, ಮನಿದು. ನಿಮ್ಮವ್ವ ಮೊಣಕಾಲು ಹಿಡಕೊಂಡು ಕುಂತಾಳ, ಆಕಿನ್ನ ಬಿಡು. ನಿನ್ನ ಹೆಣ್ತಿ ಅದಾಳಲ್ಲ."

"ಹೆಣ್ಣುಮಗಳ್ರಿ ಯಪ್ಪಾ..."

"ಹೆಣ್ಣುಮಗಳಿಗೆ ಡಾಕ್ಟರ್ ಚೀಟಿ ಅದ ಏನು? ಇದ್ರ ತಾ, ಆಕಿನ್ನೂ ಬಿಡ್ತೀನಿ." ಗೌಡರು ನಕ್ಕರು, ಬೂದೆಪ್ಪನೂ ನಕ್ಕ. "ಇಲ್ಲಾಂದ್ರ ಒಂದು ಕೆಲಸ ಮಾಡು. ಈ ಚೀಟಿ ಇಲ್ಲೇ ಬಿಟ್ಟು ಹೋಗು. ಮೊದಲಿನಂಗ ನೀನ ಓಡು. ಯಾವುದು ಬೇಕು ಹೇಳು."

ಚೀಟಿ ಕಟ್ಟೆಯ ಮೇಲೆ ಇತ್ತು. ತಾಯಣ್ಣ ಅದನ್ನು ನೋಡಿದ. ಬಿಟ್ಟು ಹೋಗುತ್ತೇನೆ ಎನ್ನಲು ಬಾಯಿ ತೆರೆದ. ಎದೆ ಗುದ್ದಿತು. ಬನ್ನಿಗಿಡದ ಬುಡದಲ್ಲಿ ಬಾಯಿ ತೆರೆದು ಬಿದ್ದಿದ್ದ ಅಪ್ಪ ನೆನಪಾದ. ಕೈ ತಾನಾಗಿಯೇ ಮುಂದೆ ಹೋಗಿ ಚೀಟಿಯನ್ನು ಎತ್ತಿಕೊಂಡಿತು.

"ಆಗ್ಲಿರಿ ಯಪ್ಪಾ" ಎಂದ.

ಮಾನಮ್ಮ ಮೊದಲು ನಂಬಲಿಲ್ಲ. ನಂಬಿದ ಮೇಲೆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಅವಳ ಸ್ವಭಾವದಂತೆ ನಕ್ಕಳು.

"ಹೋಗ್ಲಿ ಬಿಡು ಮುತ್ಯಾ. ತವರಮನ್ಯಾಗ ಎಮ್ಮಿ ಹಿಂದ ಓಡಿದಾಕಿ ನಾನು. ನೀ ಮನ್ಯಾಗ ಕುಂತು ರೊಟ್ಟಿ ಬಡಿ, ನಾ ಊರು ನೋಡ್ಕೊಂಡು ಬರ್ತೀನಿ."

ಅವಳ ಮೊದಲ ಸುದ್ದಿಯೂ ಮಾನ್ವಿಗೇ. ಮೂರನೆಯ ದಿನ ತುಟಿ ಒಡೆದುಕೊಂಡು ಬಂದಳು. ಎಮ್ಮೆ ಹಿಂದೆ ಓಡಿ ಬೆಳೆದವಳಿಗೆ ಒಂಬತ್ತು ಹರದಾರಿ ನಡೆದರೂ ಉಸಿರು ಹತ್ತಿರಲಿಲ್ಲ. ತಣ್ಣಗೆ ಬಂದು ನಿಂತ ಹೆಣ್ಣನ್ನು ಕಂಡು, ನಮ್ಮ ಮನೆಯ ಸಾವಿಗೆ ಹೆಂಗಸನ್ನು ಕಳಿಸಿ ಅಣಕಿಸುತ್ತೀರಾ ಎಂದು ಸತ್ತವನ ತಮ್ಮ ಕೆರ ಬಿಚ್ಚಿ ಹೊಡೆದಿದ್ದ. ತಾಯಣ್ಣ ಅವಳ ತುಟಿಗೆ ಅರಿಶಿಣ ಹಚ್ಚುತ್ತಾ ಮುದುಕ ತನಗೆ ಕಲಿಸಿದ್ದನ್ನೆಲ್ಲ ಕಲಿಸಿದ. ಎಲ್ಲಿ ನಡೆಯಬೇಕು, ಎಲ್ಲಿಂದ ಓಡಬೇಕು, ಬಾಯಿ ಎಷ್ಟು ತೆರೆಯಬೇಕು. ಕಲಿಸುವಾಗ ಅವನ ದನಿಯಲ್ಲಿ ಒಂದು ಉತ್ಸಾಹವೇ ಇತ್ತು.

ಮುಂಗಾರು ಬಂದು ಹೋಯಿತು. ಊರಲ್ಲಿ ವಾಂತಿಭೇದಿ ಬಂದು ಹೋಯಿತು. ರೋಗ ಇದ್ದ ಎರಡು ತಿಂಗಳು ಮಾನಮ್ಮ ಮನೆಯಲ್ಲಿ ಇದ್ದದ್ದಕ್ಕಿಂತ ದಾರಿಯಲ್ಲಿ ಇದ್ದದ್ದೇ ಹೆಚ್ಚು. ಬಸುರಿ ಎಂದು ಅವಳಿಗೆ ಗೊತ್ತಾಗಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಗಬ್ಬೂರಿನ ಹಾದಿಯಲ್ಲಿ ಹೊಟ್ಟೆ ಹಿಂಡಿ ಬಂತು. ಸುದ್ದಿ ಮುಟ್ಟುವ ತನಕ ಕೂಡುವಂತಿಲ್ಲವಲ್ಲ, ಆ ಮನೆಯ ಅಂಗಳದಾಚೆ ನಿಂತು ಸತ್ತವರ ಹೆಸರು ಕೂಗಿ, ಆಮೇಲೆ ಗೋಡೆಯ ಮರೆಗೆ ಹೋಗಿ ಕೂತಳು. ಎದ್ದಾಗ ಬಸುರು ಇರಲಿಲ್ಲ. ಅದನ್ನು ಮನೆಗೆ ಬಂದು ಅತ್ತೆಗೆ ಹೇಳಿದಳು, ಗಂಡನಿಗೆ ಹೇಳಲಿಲ್ಲ. ಅವನು ಗೋಡೆಯ ಈಚೆ ಕೂತು ಕೇಳಿಸಿಕೊಂಡ.

ತಾಯಣ್ಣನ ಮೈ ಈ ಕಡೆ ಬೇರೆಯೇ ದಾರಿ ಹಿಡಿದಿತ್ತು. ಬೂದೆಪ್ಪನ ಕೋಲು ಬಾಗಿಲಿಗೆ ಬಿದ್ದರೆ ಈಗ ಅವನು ಏಳಬೇಕಿರಲಿಲ್ಲ, ಏಳಬೇಕಾದವಳು ಮಾನಮ್ಮ. ಮೊದಮೊದಲು ಅಭ್ಯಾಸಕ್ಕೆ ಬೆಚ್ಚುತ್ತಿದ್ದ. ಆಮೇಲೆ ಬರೀ ಕಣ್ಣು ತೆರೆಯುತ್ತಿದ್ದ. ಆಮೇಲಾಮೇಲೆ ಮಗ್ಗುಲು ಬದಲಿಸಿ ಮಲಗುತ್ತಿದ್ದ. ಎರಡು ರೊಟ್ಟಿ ಅರಗಿದವು, ಮೂರೂ ಅರಗಿದವು. ಗೌಡರ ದನದ ಕೊಟ್ಟಿಗೆಯಲ್ಲಿ ಹುಲ್ಲು ಹಾಕುವ ಹಗುರ ಕೆಲಸ ಸಿಕ್ಕಿತ್ತು. ಮಧ್ಯಾಹ್ನ ಅಲ್ಲೇ ಹುಲ್ಲಿನ ಮೇಲೆ ನಿದ್ದೆ.

"ನನ್ನ ಮಗನ ಮಾರಿ ತುಂಬ್ಯದ" ಎಂದಳು ಯಮನಮ್ಮ ಒಂದು ದಿನ, ಸೊಸೆಯ ಎದುರಿಗೇ. ಹೆತ್ತವಳಿಗೆ ಸಂತೋಷ ತಡೆಯಲಾಗಲಿಲ್ಲ.

ಮಾನಮ್ಮ ಒಲೆಯ ಮುಂದೆ ಕೂತಿದ್ದಳು. ಹೊರಗೆ ಯಾರೋ ಬುಟ್ಟಿ ಇಳಿಸಿದ ಸಪ್ಪಳಕ್ಕೆ ಅವಳ ಕೈಯಿಂದ ರೊಟ್ಟಿ ಜಾರಿ ಬೂದಿಗೆ ಬಿತ್ತು.

ಚಳಿಗಾಲದ ಒಂದು ಬೆಳಿಗ್ಗೆ ಬೂದೆಪ್ಪ ಬಂದ. ದೇವದುರ್ಗಕ್ಕೆ ಸುದ್ದಿ, ಮೂರೇ ಹರದಾರಿ. ಮಾನಮ್ಮ ಹಾಸಿಗೆಯ ಮೇಲೆ ಎದ್ದು ಕೂತವಳು ಎದೆ ಒತ್ತಿ ಹಿಡಿದುಕೊಂಡಳು.

"ಇವತ್ತೊಂದು ದಿನ ನೀ ಹೋಗಿ ಬಾ" ಎಂದಳು ಗಂಡನಿಗೆ. "ಓಡಬ್ಯಾಡ, ನಡಕೋತ ಹೋಗು. ಮ್ಯಾಲಕ ಎದ್ರ ನನಗ ಕಣ್ಣಿಗೆ ಕತ್ತಲಿ ಬರಾಕತ್ತದ. ಎದಿ ಒಂದ ಸವನ ಗುದ್ದಾಕತ್ತದ."

ತಾಯಣ್ಣ ಅವಳನ್ನು ನೋಡಿದ. ಆ ಗುದ್ದು ಹೇಗಿರುತ್ತದೆ ಎಂದು ಅವನಷ್ಟು ಚೆನ್ನಾಗಿ ತಿಳಿದವರು ಆ ಸೀಮೆಯಲ್ಲಿ ಇನ್ನೊಬ್ಬರು ಇರಲಿಲ್ಲ.

"ಡಾಕ್ಟರ್ ಬರದು ಕೊಟ್ಟಾನಲ್ಲ" ಎಂದ. "ಜೀವಕ್ಕ ಅಪಾಯ ಅಂತ."

"ಮೂರು ಹರದಾರಿಗೆ ಜೀವ ಹೋಗ್ತದೇನು?"

"ನಮ್ಮಪ್ಪ ಹ್ಯಾಂಗ ಹ್ವಾದ?"

ಮಾನಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಬಾಗಿಲಲ್ಲಿ ಅವನು, "ಊರು ಹತ್ರ ಬಂದ ಮ್ಯಾಲೇ ಓಡು, ಮೊದಲ ಓಡಬ್ಯಾಡ" ಎಂದು ಎಚ್ಚರಿಕೆ ಹೇಳಿದ.

"ಓಡೋ ಕೆಲಸ ಉಳಿದಿಲ್ಲೀಗ" ಎಂದಳು ಅವಳು. "ನಿಂತ್ರೂ ಉಸಿರು ಹತ್ತತದ. ನನ್ನನ್ನ ಯಾರೂ ಹೊಡ್ಯಂಗಿಲ್ಲ." ಹಾಗೆ ಹೇಳಿ ಹೋದಳು.

ಯುಗಾದಿ ಕಳೆದು ಹದಿನೈದು ದಿನಕ್ಕೆ ಮತ್ತೆ ರೈಲ್ವೆಗೆ ಆಳು ತಗೊಳ್ಳುವ ಸುದ್ದಿ ಬಂತು. ಅದೇ ವಾರ ಊರಲ್ಲಿ ಒಬ್ಬ ಮುದುಕಿ ಸತ್ತಳು, ಅವಳ ಮಗಳು ರಾಯಚೂರಿನ ಕೋಟೆಯ ಹತ್ತಿರ ಇದ್ದಳು. ಹೀಗೆ ಗಂಡ ಹೆಂಡತಿ ಜೊತೆಯಾಗಿಯೇ ಹೊರಟರು. ಹನ್ನೆರಡು ಹರದಾರಿ ಜೊತೆಗೆ ನಡೆದರೂ ಮಾನಮ್ಮ ಒಂದು ಮಾತು ಆಡಲಿಲ್ಲ. ಸುದ್ದಿ ಹೊತ್ತವರು ದಾರಿಯಲ್ಲಿ ಮಾತಾಡುವಂತಿರಲಿಲ್ಲ. ತಾಯಣ್ಣ ಒಬ್ಬನೇ ಮಾತಾಡಿದ. ಬಿಲ್ಲೆ ಸಿಕ್ಕಿದ ದಿನವೇ ಖೋಲಿ ಸಿಗುತ್ತದೆ, ಅವ್ವನನ್ನೂ ಬಂಡಿಯಲ್ಲಿ ಕೂರಿಸಿ ತಂದರಾಯಿತು, ಮನೆಯಲ್ಲಿ ಆಳೇ ಇಲ್ಲದಿದ್ದರೆ ಗೌಡ ಯಾರ ಬಾಗಿಲು ಕುಟ್ಟುತ್ತಾನೆ ಎಂದು. ಅವನು ನಿಂತು ನೀರು ಕುಡಿದಾಗ ಅವಳು ಪಕ್ಕದಲ್ಲಿ ನಿಂತು ಆ ಕಡೆ ನೋಡಿದಳು.

ಕೋಟೆಯ ಹತ್ತಿರ ಅವರು ಬೇರೆಯಾದರು. ತಾಯಣ್ಣ ದವಾಖಾನೆಯ ಬೇವಿನ ಮರದ ಕೆಳಗೆ ಹೋಗಿ ಎಲ್ಲರಂತೆ ಕಾಲು ಚಾಚಿ ಕೂತ. ಕರೆದಾಗ ಆಕಳಿಸಿ ಎದ್ದು ಒಳಗೆ ಹೋದ. ಡಾಕ್ಟರಿಗೆ ಅವನ ಗುರುತು ಕೂಡಲೇ ಹತ್ತಿತು.

"ಓಡೋ ಎದಿ ಬಂತಲ್ಲಪಾ! ಬಾ, ಬಾ." ನಳಿಗೆ ಹಚ್ಚಿದರು. ಗಡಿಯಾರ ನೋಡಿದರು. ಮತ್ತೊಂದು ಸಲ ನೋಡಿದರು. ಬೆನ್ನಿನ ಮೇಲೆ ಬೆರಳಿನಿಂದ ಕುಟ್ಟಿದರು, ತಾಯಣ್ಣ ಅಲುಗಲಿಲ್ಲ. "ಎಪ್ಪತ್ತನಾಲ್ಕು! ಏನು ಔಷಧ ತಿಂದಿ ನೀನು?"

"ಔಷಧ ಏನಿಲ್ರಿ. ಮನ್ಯಾಗ ಕುಂತಿದ್ದೆ."

"ಮನ್ಯಾಗ ಕುಂತ್ರ ನಿಮ್ಮಂಥವರಿಗೆ ನಡೀತದೇನು?"

"ನನ್ನ ಪಾಳಿ ಹೆಣ್ತಿ ನೋಡ್ಕೋತಾಳ್ರಿ."

"ಪುಣ್ಯವಂತ" ಎಂದರು ಡಾಕ್ಟರು. "ಅಲ್ಲಾಉದ್ದೀನ್, ಇವಗ ಹಾಕು ಠಸ್ಸೆ."

ಅಲ್ಲಾಉದ್ದೀನ್ ಅವನ ಬಲಮುಂಗೈ ಹಿಡಿದು ನೀಲಿ ಮಸಿಯ ದುಂಡನೆ ಠಸ್ಸೆ ಒತ್ತಿದ. "ಇದನ್ನ ತೋರಿಸಿ ಸಂಜಿಮುಂದ ಬಿಲ್ಲೆ ತಗೋ. ಆರೋತನ ಹುಷಾರ್. ಅಳಿಸಿ ಹೋದ್ರ ನನ್ನ ಕೇಳಬ್ಯಾಡ, ಮತ್ತ ಆರು ತಿಂಗಳು ಬಿಟ್ಟು ಬರಬೇಕು."

"ಖೋಲಿ ಇವತ್ತ ಕೊಡ್ತೀರೇನ್ರಿ?"

"ಖೋಲಿ? ಒಂದು ವರ್ಷ ಕೆಲಸ ಮಾಡಿದ ಮ್ಯಾಲ. ಈಗ ಡೇರೆ, ಗಂಡಸ್ರಷ್ಟೇ." ಅವನು ಕಿಟಕಿಯಿಂದಾಚೆ ನೋಡಿದ. "ಅಲ್ಲಿ ಗೇಟಿನ ಹತ್ರ ಕುಂತಾಕಿ ನಿಮ್ಮವ್ವ ಏನು? ನಿನ್ನ ಹೆಸರು ಕೇಳಾಕತ್ತಿದ್ಲು. ದಮ್ಮು ಬಾಳ ಹತ್ಯದ ಆಕಿಗೆ. ಸಾಹೇಬ್ರಿಗೆ ತೋರಸ್ತೀಯೇನು?"

ಡಾಕ್ಟರು ಆಗಲೇ ಮುಂದಿನವನ ಹೆಸರು ಕೂಗಿದ್ದರು. ಅವರನ್ನು ಮತ್ತೆ ಮಾತಾಡಿಸಿದರೆ ಎಲ್ಲಿ ಮನಸ್ಸು ಬದಲಿಸಿಬಿಡುತ್ತಾರೋ ಎಂದು ತಾಯಣ್ಣನಿಗೆ ಅನಿಸಿತು.

"ನಡೆದು ಬಂದಾಳ್ರಿ, ಅದಕ್ಕ" ಎಂದು ಹೇಳಿ ಹೊರಗೆ ಬಂದ.

ಮಾನಮ್ಮ ಗೇಟಿನ ಕಂಬಕ್ಕೆ ಒರಗಿ ಕೂತಿದ್ದಳು. ತಲೆಯ ತುಂಬಾ ಸೆರಗು, ಬಾಯಿ ತೆರೆದಿತ್ತು. ಕುತ್ತಿಗೆಯ ಪಕ್ಕದ ನರ ಮೇಲಕ್ಕೂ ಕೆಳಕ್ಕೂ ಹಾರುತ್ತಿದ್ದದ್ದು ಐದು ಹೆಜ್ಜೆ ದೂರದಿಂದಲೇ ಕಾಣುತ್ತಿತ್ತು. ಅವನ ಕೈಮೇಲಿನ ಠಸ್ಸೆ ಕಂಡು ಅವಳ ಕಣ್ಣು ಅರಳಿದವು.

"ಆತು?"

"ಆತು. ಸಂಜಿಗೆ ಬಿಲ್ಲೆ."

"ಖೋಲಿ ಎಲ್ಲಿ? ತೋರಸು ನಡಿ."

"ಖೋಲಿ ಒಂದು ವರ್ಷದ ಮ್ಯಾಲಂತ" ಎಂದ ತಾಯಣ್ಣ, ಠಸ್ಸೆಯ ಮೇಲೆ ಉಫ್ ಎಂದು ಊದುತ್ತಾ. "ಈಗ ಡೇರೆದಾಗ ಗಂಡಸ್ರಿಗಷ್ಟ ಜಾಗ. ಒಂದು ವರ್ಷ ಏನು, ಕಣ್ಣು ಮುಚ್ಚಿ ತೆಗಿಯೋದ್ರಾಗ ಹೋಗ್ತದ. ಅಲ್ಲೀತನ ನೀ ಊರಾಗ ಅವ್ವನ ಜೋಡಿ ಇರು."

ಅವಳು ಅವನ ಮುಖ ನೋಡಿದಳು. "ಪಾಳಿ?"

ತಾಯಣ್ಣ ಠಸ್ಸೆ ಆರಿದೆಯೋ ಇಲ್ಲವೋ ಎಂದು ಬಿಸಿಲಿಗೆ ಹಿಡಿದು ನೋಡಿದ.

ಮಾನಮ್ಮ, "ಹೊತ್ತು ಆತು, ಹೋಗಬೇಕು. ನಾಳೆ ಮತ್ತ ಯಾರು ಸಾಯ್ತಾರೋ" ಎಂದು ಕಂಬ ಹಿಡಿದು ಏಳಲು ನೋಡಿದಳು. ಅರ್ಧ ಎದ್ದಾಗ ಕಣ್ಣಿಗೆ ಕತ್ತಲೆ ಬಂತು. ಬೀಳದಂತೆ ಕೈ ಚಾಚಿ ಅವನ ಬಲಗೈಯನ್ನು ಹಿಡಿಯಲು ಹೋದಳು.

ತಾಯಣ್ಣ ಆ ಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡ.

"ಆ ಕೈ ಬ್ಯಾಡ, ಮಸಿ ಹಸಿ ಅದ" ಎಂದು ಎಡಗೈ ಕೊಟ್ಟ.